ಆ್ಯಸಿಡ್ ಬಕೆಟ್, ನೈಟ್ರೋಜನ್ ಕ್ಯಾನ್, ಹಾಸ್ಟೆಲ್ ಚೇಂಬರ್: ಕ್ಯಾಂಪಸ್ ಕೆಲಸಗಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿಶ್ವವಿದ್ಯಾಲಯದ ಶೌಚಾಲಯಗಳಲ್ಲಿ ಹಳದಿ ಕಲೆ ಬೇಗ ಹೋಗಲೆಂದು ನಮ್ಮ ಹೆಂಗಸರು ಮೊದಲು ಆ್ಯಸಿಡ್ ಸುರಿದು, ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸುತ್ತಾರೆ. ಕಣ್ಣು ಉರಿ, ಕೆಮ್ಮು ಬರುತ್ತದೆ. ಮಾಸ್ಕ್ ಕೊಟ್ಟರೆ ಸಾಕೇ?
— ಸ್ವಚ್ಛತಾ ಮೇಲ್ವಿಚಾರಕಿ, ಧಾರವಾಡ

ಉತ್ತರ: ಸಾಲದು. ಈ ಪದ್ಧತಿ ಇಂದೇ ನಿಲ್ಲಬೇಕು. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಸೇರಿದ ಕೂಡಲೇ ಕ್ಲೋರಿನ್ ಅನಿಲ ಏಳುತ್ತದೆ. ಬಟ್ಟೆಯ ಮಾಸ್ಕ್ ಆಗಲಿ, ಸರ್ಜಿಕಲ್ ಮಾಸ್ಕ್ ಆಗಲಿ ಅದನ್ನು ತಡೆಯುವುದಿಲ್ಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಈ ಅನಿಲ ನೆಲದ ಹತ್ತಿರವೇ ನಿಲ್ಲುತ್ತದೆ. ಕುಕ್ಕರಗಾಲಲ್ಲಿ ಕೂತು ಉಜ್ಜುವವರ ಮುಖ ಇರುವುದೂ ಅಲ್ಲೇ.

ಎರಡನ್ನೂ ಒಂದೇ ದಿನ ಒಂದೇ ಕಡೆ ಬಳಸದಿರುವುದು ಒಳ್ಳೆಯದು. ಕಲೆ ತೆಗೆಯುವ ದಿನ ಆ್ಯಸಿಡ್ ಇರುವ ಕ್ಲೀನರ್ ಮಾತ್ರ ಸಾಕು. ಹಚ್ಚಿ ಹತ್ತು ನಿಮಿಷ ಬಿಟ್ಟು, ಉಜ್ಜಿ, ಧಾರಾಳವಾಗಿ ನೀರು ಬಿಡಿ. ಉಳಿದ ದಿನಗಳಿಗೆ 10 ಲೀಟರ್ ನೀರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ. ಪೌಡರಿನಲ್ಲಿ ಶೇ 33ರಷ್ಟು ಕ್ಲೋರಿನ್ ಇದ್ದರೆ ಶೇ 0.5ರ ದ್ರಾವಣವಾಗುತ್ತದೆ. ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಪ್ಲಾಸ್ಟಿಕ್ ಬಕೆಟ್‌ಗೆ ಬಸಿದುಕೊಂಡು ಅಂದೇ ಮುಗಿಸಿ. ಚೀಲದ ಬಾಯಿ ತೆರೆದಿಟ್ಟರೆ ತೇವ ತಗುಲಿ ಪೌಡರಿನ ಸತ್ವ ಹೋಗುತ್ತದೆ. ಆಮೇಲೆ "ಕೆಲಸ ಮಾಡ್ತಿಲ್ಲ" ಎಂದು ಹೆಚ್ಚು ಹೆಚ್ಚು ಸುರಿಯುವುದು ಶುರುವಾಗುತ್ತದೆ. ಆ್ಯಸಿಡ್ ಕ್ಯಾನ್ ಮತ್ತು ಪೌಡರ್ ಚೀಲ ಬೇರೆ ಬೇರೆ ಕಪಾಟಿನಲ್ಲಿರಲಿ. ಹಳೆಯ ನೀರಿನ ಬಾಟಲಿಗೆ ಆ್ಯಸಿಡ್ ತುಂಬಿಸಿಡುವುದಂತೂ ಬೇಡವೇ ಬೇಡ.

ಯಾರಾದರೂ ಈಗಾಗಲೇ ಆ ಗಾಳಿ ಕುಡಿದಿದ್ದರೆ ತಕ್ಷಣ ಹೊರಗೆ ಕರೆತನ್ನಿ. ಕಣ್ಣಿಗೆ 15 ನಿಮಿಷ ಹರಿಯುವ ನೀರು ಬಿಡಿ. ಕೆಮ್ಮು ನಿಲ್ಲದಿದ್ದರೆ, ಎದೆ ಬಿಗಿದಂತಾದರೆ ಆಸ್ಪತ್ರೆಗೆ ಕಳಿಸಿ. ಆಗ ಚೆನ್ನಾಗಿದ್ದವರಿಗೂ ಕೆಲವು ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಆ ರಾತ್ರಿ ಅವರು ಒಂಟಿಯಾಗಿರಬಾರದು.

ಪ್ರಶ್ನೆ: ದ್ರವ ನೈಟ್ರೋಜನ್ ಕ್ಯಾನನ್ನು ಲಿಫ್ಟ್‌ನಲ್ಲಿ ಮೂರನೇ ಮಹಡಿಗೆ ಒಯ್ಯುತ್ತೇನೆ. ಜೊತೆಗೆ ಹೋಗಬಾರದು ಅನ್ನುತ್ತಾರೆ. ಯಾಕೆ?
— ಲ್ಯಾಬ್ ಅಟೆಂಡರ್, ಮೈಸೂರು

ಉತ್ತರ: ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ಮೈನಸ್ 196 ಡಿಗ್ರಿಯ ಈ ದ್ರವ ಒಂದು ಲೀಟರ್ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. 10 ಲೀಟರ್ ಚೆಲ್ಲಿದರೆ 7 ಘನ ಮೀಟರ್. ಲಿಫ್ಟಿನ ಒಳಗಿನ ಜಾಗ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಕರೆಂಟ್ ಹೋಗಿ ನಡುವೆ ಸಿಕ್ಕಿಕೊಂಡಾಗ ಕ್ಯಾನ್ ಉರುಳಿದರೆ ಒಳಗೆ ಉಸಿರಾಡಲು ಆಮ್ಲಜನಕವೇ ಉಳಿಯದು. ನೈಟ್ರೋಜನ್‌ಗೆ ವಾಸನೆಯಿಲ್ಲ, ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ. ಮನುಷ್ಯ ಸುಮ್ಮನೆ ಕುಸಿದು ಬೀಳುತ್ತಾನೆ.

ಹಾಗಾಗಿ ಕ್ಯಾನನ್ನು ಟ್ರಾಲಿಯಲ್ಲಿ ಬಿಗಿದು, "ದ್ರವ ನೈಟ್ರೋಜನ್ ಇದೆ, ಯಾರೂ ಹತ್ತಬೇಡಿ" ಎಂದು ಕನ್ನಡದಲ್ಲೇ ಬರೆದ ಬೋರ್ಡ್ ತೂಗುಹಾಕಿ, ಒಂಟಿಯಾಗಿ ಕಳಿಸಿ. ನೀವು ಮೆಟ್ಟಿಲು ಹತ್ತಿ. ಮೇಲೆ ಇಳಿಸಿಕೊಳ್ಳಲು ಒಬ್ಬರು ಕಾದಿರಲಿ, ನಡುವಿನ ಮಹಡಿಗಳಲ್ಲಿ ಯಾರೂ ಹತ್ತದಂತೆ ನೋಡಿಕೊಳ್ಳಲಿ. ಕ್ಯಾನಿನ ಜೊತೆ ಬಂದ ಸಡಿಲ ಮುಚ್ಚಳವನ್ನೇ ಬಳಸಿ. ತಿರುಪು ಮುಚ್ಚಳದ ಥರ್ಮಾಸ್‌ಗೆ ತುಂಬಿ ಬಿಗಿದರೆ ಅದು ಸಿಡಿಯುತ್ತದೆ. ಕೈಗೆ ಅತಿ ಶೀತ ತಡೆಯುವ ಕ್ರಯೋ ಗ್ಲೌಸ್, ಅದೂ ಕೊಡವಿದರೆ ಕಳಚುವಷ್ಟು ಸಡಿಲವಾಗಿರಲಿ. ಮುಖಕ್ಕೆ ಪೂರ್ತಿ ಶೀಲ್ಡ್ ಬೇಕು. ಪ್ಯಾಂಟ್ ಅಂಚು ಬೂಟಿನ ಹೊರಗಿರಲಿ, ಒಳಗೆ ಸೇರಿಸಿದರೆ ಚೆಲ್ಲಿದ ದ್ರವ ಬೂಟಿನೊಳಗೆ ನಿಲ್ಲುತ್ತದೆ. ಚರ್ಮಕ್ಕೆ ತಗುಲಿದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ವೈದ್ಯರ ಬಳಿ ಹೋಗಿ.

ಗ್ಯಾಸ್ ಸಿಲಿಂಡರ್ ಸಾಗಿಸುವಾಗಲೂ ಕ್ಯಾಪ್ ಹಾಕಿ, ಟ್ರಾಲಿಗೆ ಸರಪಳಿ ಬಿಗಿದೇ ಸಾಗಿಸಿ. ನೆಲದ ಮೇಲೆ ಉರುಳಿಸಬೇಡಿ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಆದ ಸ್ಫೋಟದಲ್ಲಿ ಒಬ್ಬ ಸಂಶೋಧಕ ತೀರಿಕೊಂಡರು, ಮೂವರು ಗಾಯಗೊಂಡರು. ಪಳಗಿದ ಕೈಗಳಿದ್ದಲ್ಲೇ ಹೀಗಾದೀತು ಎಂಬುದು ನೆನಪಿರಲಿ.

ಪ್ರಶ್ನೆ: ಹಾಸ್ಟೆಲ್ ಚೇಂಬರ್ (ಚರಂಡಿ ಗುಂಡಿ) ಕಟ್ಟಿಕೊಂಡಾಗ ಗುತ್ತಿಗೆದಾರ ನನ್ನ ತಮ್ಮನಿಗೆ "ಐದೇ ನಿಮಿಷ, ಇಳಿದು ತೆಗಿ" ಅನ್ನುತ್ತಾನೆ. ಒಲ್ಲೆ ಎಂದರೆ ಕೆಲಸ ಹೋಗುತ್ತದೆಂಬ ಭಯ.
— ಓದುಗರೊಬ್ಬರು, ಕಲಬುರಗಿ

ಉತ್ತರ: ಇಳಿಯಬಾರದು. ಗುಂಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅದು 100 ಭಾಗ ದಾಟುವ ಹೊತ್ತಿಗೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಇಳಿದವನಿಗೆ "ಈಗ ಪರವಾಗಿಲ್ಲ" ಅನಿಸುವುದು ಆಗಲೇ. ಇನ್ನೂ ಹೆಚ್ಚಾದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಅವನನ್ನು ಎತ್ತಲು ಹಾರಿದವನೂ ಅಲ್ಲೇ ಉಳಿಯುತ್ತಾನೆ. ಇಂಥ ಸಾವುಗಳು ಜೋಡಿಯಾಗಿ ಬರುವುದು ಹೀಗೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಇನ್ನೂ ಅಪಾಯ, ಒಳಗೆ ಮೀಥೇನ್ ಇದ್ದರೆ ಹೊತ್ತಿಕೊಳ್ಳುತ್ತದೆ.

ರಕ್ಷಣಾ ಸಾಧನವಿಲ್ಲದೆ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಚರಂಡಿಯೊಳಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಹೇಳಿದೆ. ಹಾಸ್ಟೆಲ್ ವಾರ್ಡನ್‌ಗೂ ಕುಲಸಚಿವರಿಗೂ ಒಂದು ಸಾಲಿನ ಅರ್ಜಿ ಬರೆದು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನೀರು ಚಿಮ್ಮಿಸಿ ಕೊಳೆ ಹೀರುವ ಜೆಟ್ಟಿಂಗ್-ಸಕ್ಷನ್ ವಾಹನ ಕರೆಸಲು 14420ಕ್ಕೆ ಕರೆ ಮಾಡಬಹುದು.

ವಾರ್ಡನ್‌ಗಳಿಗೂ ಒಂದು ಮಾತು: ಚೇಂಬರ್ ಕಟ್ಟಿಕೊಳ್ಳುವುದು ಹೆಚ್ಚಾಗಿ ಮೆಸ್ಸಿನ ಜಿಡ್ಡು ಮತ್ತು ಸ್ಯಾನಿಟರಿ ಪ್ಯಾಡ್‌ಗಳಿಂದ. ಅಡುಗೆಮನೆಯ ನೀರು ಹೋಗುವಲ್ಲಿ ಜಿಡ್ಡಿನ ತೊಟ್ಟಿ ಕಟ್ಟಿಸಿ, ವಾರಕ್ಕೊಮ್ಮೆ ಮೇಲಿನಿಂದಲೇ ಕೆನೆ ತೆಗೆಸಿ. ಪ್ರತಿ ಮಹಿಳಾ ಶೌಚಾಲಯದಲ್ಲೂ ಮುಚ್ಚಳವಿರುವ ಡಬ್ಬಿ ಇಡಿಸಿ.

ಪ್ರಶ್ನೆ: ಏಜೆನ್ಸಿ ಮೂಲಕ ಸೆಕ್ಯುರಿಟಿ ಕೆಲಸ, ಸಂಬಳ 16,000. ಇಎಸ್‌ಐ (ನೌಕರರ ರಾಜ್ಯ ವಿಮೆ) ಹಣ ಹಿಡಿಯುತ್ತಾರೆ, ಕಾರ್ಡ್ ಕೊಟ್ಟಿಲ್ಲ.
— ಶಿವಮೊಗ್ಗ

ಉತ್ತರ: 21,000 ರೂಪಾಯಿವರೆಗಿನ ಸಂಬಳಕ್ಕೆ ಇಎಸ್‌ಐ ಅನ್ವಯ. ನಿಮ್ಮಿಂದ ಶೇ 0.75, ಅಂದರೆ 120 ರೂಪಾಯಿ. ಏಜೆನ್ಸಿಯಿಂದ ಶೇ 3.25, ಅಂದರೆ 520. ನಿಮ್ಮಿಂದ 120ಕ್ಕಿಂತ ಹೆಚ್ಚು ಮುರಿದಿದ್ದರೆ ಅವರ ಪಾಲನ್ನೂ ನಿಮ್ಮಿಂದಲೇ ಕಿತ್ತಿದ್ದಾರೆಂದು ತಿಳಿಯಿರಿ. ಸಂಬಳದ ಚೀಟಿಯಲ್ಲಿ ವಿಮಾ ಸಂಖ್ಯೆ ಕೇಳಿ, ಅದನ್ನು ಹಿಡಿದು ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ಹಣ ಜಮೆಯಾಗಿದೆಯೇ ನೋಡಿ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕೆಲಸದಲ್ಲಿ ಪೆಟ್ಟಾದರೂ ಸಂಬಳದ ಶೇ 90ರಷ್ಟು ಸಿಗುತ್ತದೆ. ಆದರೆ ಅಪಘಾತ ಅಂದೇ ಪುಸ್ತಕದಲ್ಲಿ ದಾಖಲಾಗಬೇಕು. ಏಜೆನ್ಸಿ ಕಟ್ಟದಿದ್ದರೆ ವಸೂಲಿ ಮುಖ್ಯ ಉದ್ಯೋಗದಾತರ ಮೇಲೂ ಬರುತ್ತದೆ, ಆದ್ದರಿಂದ ದೂರಿನ ಒಂದು ಪ್ರತಿ ವಿಶ್ವವಿದ್ಯಾಲಯಕ್ಕೂ ಕೊಡಿ.