ಪ್ರಶ್ನೋತ್ತರ: ವೀಲ್‌ಚೇರ್ ಹೋಗುವ ಬಚ್ಚಲು

ಪ್ರಶ್ನೆ: ಪಾರ್ಶ್ವವಾಯು ಹೊಡೆದ ಮೇಲೆ ಅಮ್ಮನ ಬಲಗೈ, ಬಲಗಾಲಿಗೆ ಬಲವಿಲ್ಲ, ಓಡಾಟವೆಲ್ಲ ವೀಲ್‌ಚೇರಿನಲ್ಲಿ. ನೆಲಮಹಡಿಯ ಬಚ್ಚಲು 5×8 ಅಡಿ. ಐದಡಿ ಗೋಡೆಯಲ್ಲಿ ಎರಡೂವರೆ ಅಡಿಯ ಬಾಗಿಲು. ಎದುರುಗೋಡೆಯ ನಡುವೆ ಕಮೋಡ್ ಕೂರಿಸಿ ಎರಡೂ ಪಕ್ಕ ಹಿಡಿಕೆ ಹಾಕೋಣ ಎನ್ನುತ್ತಾರೆ ಮೇಸ್ತ್ರಿ. ಸರಿಯೇ?
— ಓದುಗರೊಬ್ಬರು, ತುಮಕೂರು

ಉತ್ತರ: ನಡುವೆ ಬೇಡ. ನಡುವೆ ಇಟ್ಟರೆ ಎರಡೂ ಪಕ್ಕ ಎರಡಡಿಗಿಂತ ತುಸು ಕಡಿಮೆಯೇ ಉಳಿಯುತ್ತದೆ, ಯಾವ ಪಕ್ಕಕ್ಕೂ ವೀಲ್‌ಚೇರ್ ಹಿಡಿಸುವುದಿಲ್ಲ. ಕಮೋಡಿನ ನಡುಗೆರೆ ಒಂದು ಗೋಡೆಯಿಂದ 18 ಇಂಚಿಗೆ ಬರಲಿ. ಆಚೆ ಪಕ್ಕ ಸುಮಾರು 35 ಇಂಚು ಖಾಲಿ ಸಿಗುತ್ತದೆ. ಟೈಲ್ಸ್ ಅಂಟಿಸಿದ ಮೇಲಿನ ಅಳತೆ ಇದು, ಬರೀ ಗೋಡೆಯದಲ್ಲ.

ಯಾವ ಗೋಡೆ? ಕಮೋಡಿನ ಮೇಲೆ ಕುಳಿತಾಗ ಅಮ್ಮನ ಎಡಗಡೆಗೆ ಬರುವ ಗೋಡೆ. ಬಲವಿರುವ ಕೈ ಅಲ್ಲಿನ ಹಿಡಿಕೆ ಹಿಡಿಯುತ್ತದೆ, ಬಲಗಡೆ ನಿಂತ ವೀಲ್‌ಚೇರಿನಿಂದ ಎಡಕ್ಕೆ ಸರಿಯುವುದು ಸಲೀಸು. ವಾಪಸ್ ಬರುವಾಗ ಬಲಹೀನ ಕಡೆಗೆ ಸರಿಯಬೇಕಾದ್ದರಿಂದ ಆಗ ಒಬ್ಬರು ಜತೆಗಿರಲಿ. ಬಾಗಿಲಲ್ಲಿ ನಿಂತು ನೋಡಿದರೆ ಇದೇ ಗೋಡೆ ಬಲಗಡೆ ಕಾಣುತ್ತದೆ. ಮೇಸ್ತ್ರಿ ತಪ್ಪುವುದೇ ಇಲ್ಲಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿ.

ಕಮೋಡಿನ ಮುಂದೆ ಐದಡಿಗಿಂತ ತುಸು ಹೆಚ್ಚೇ ಉಳಿಯುತ್ತದೆ. ವೀಲ್‌ಚೇರ್ ಒಂದು ಸುತ್ತು ತಿರುಗಲು 5 ಅಡಿ ಬೇಕು, ಹಾಗಾಗಿ ವಾಶ್‌ಬೇಸಿನ್ ಹೊರಗೆ ಹಾಕಿಸಿ. ಸ್ನಾನವೂ ಇದೇ ಜಾಗದಲ್ಲಿ: ಗೋಡೆಗೆ ಮಡಚುವ ಆಸನ, ಕೈಗೆ ಎಟಕುವ ಹ್ಯಾಂಡ್ ಶವರ್. ಸ್ಪರ್ಶ ಮಂಕಾದ ಕಾಲಿಗೆ ಬಿಸಿನೀರಿನ ಸುಡುವಿಕೆ ಗೊತ್ತಾಗದೇ ಇರಬಹುದು. 38 ಡಿಗ್ರಿ ಆಸುಪಾಸಿನಲ್ಲಿ ನಿಲ್ಲಿಸಬಲ್ಲ ಥರ್ಮೋಸ್ಟ್ಯಾಟಿಕ್ ಮಿಕ್ಸರ್ ದುಬಾರಿಯಾದರೂ ಇಲ್ಲಿ ಕಂಜೂಸಿ ಬೇಡ.

ಕಮೋಡಿನ ಎತ್ತರ ವೀಲ್‌ಚೇರಿನ ಆಸನದಷ್ಟೇ ಇರಲಿ. ದಿಂಬಿನ ಮೇಲೆ ಅಮ್ಮ ಕುಳಿತಿರುವಾಗ ಅಳೆಯಿರಿ, ಸಾಮಾನ್ಯವಾಗಿ 18–19 ಇಂಚು ಬರುತ್ತದೆ. ಮಾಮೂಲಿ ಕಮೋಡ್ 16ರ ಸುಮಾರು. ಕಟ್ಟೆ ಕಟ್ಟಿ ಎತ್ತರಿಸುವುದಾದರೆ ಅದು ಕಮೋಡಿನ ಬುಡದಷ್ಟೇ ಅಗಲವಿರಲಿ. ಹೊರಚಾಚಿದರೆ ವೀಲ್‌ಚೇರಿನ ಕಾಲಿಡುವ ಪಟ್ಟಿಗೆ ತಾಗುತ್ತದೆ.

ಬಾಗಿಲಿನ ಅಳತೆಯಲ್ಲಿ ಮೋಸಹೋಗಬೇಡಿ. ಮೂರಡಿ ಚೌಕಟ್ಟು ಎಂದರೆ ಮರ ಕಳೆದು ಒಳಗೆ ಸಿಗುವುದು 31 ಇಂಚು. ಮೂರೂವರೆ ಅಡಿ ಚೌಕಟ್ಟು ಹೇಳಿ. ಬಾಗಿಲು ಹೊರಕ್ಕೆ ತೆರೆಯಲಿ, ಒಳಗೆ ಬಿದ್ದವರು ಅಡ್ಡವಾದರೆ ಒಳಕ್ಕೆ ತಳ್ಳಲಾಗದು. ಹೊಸ್ತಿಲು ತೆಗೆಯಿರಿ; ನೀರಿನ ವಾಟ ಬಾಗಿಲಿನಿಂದ ದೂರದ ಮೂಲೆಗೆ, 5 ಅಡಿಗೆ ಮುಕ್ಕಾಲು ಇಂಚು ಸಾಕು. ಅದಕ್ಕಿಂತ ಹೆಚ್ಚಾದರೆ ವೀಲ್‌ಚೇರ್ ತಾನಾಗಿ ಜಾರುತ್ತದೆ.

ಪ್ರಶ್ನೆ: ಹಾಕಿಸಿದ ಮೂರು ತಿಂಗಳಿಗೇ ಗೋಡೆಯ ಹಿಡಿಕೆ ಕಿತ್ತು ಬಂತು. ಏಕೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಟೊಳ್ಳು ಬ್ಲಾಕಿನ ಗೋಡೆಗೆ ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಕ್ರೂ ಬಿಗಿದಿರಬೇಕು. ಟವೆಲ್ ತೂಗುಹಾಕಲು ಅದು ಸಾಕು, ಮೈಭಾರಕ್ಕಲ್ಲ. ಗೋಡೆಯನ್ನು ಪೂರ್ತಿ ಕೊರೆದು, ಹಿಂಬದಿಗೆ ಉಕ್ಕಿನ ತಗಡು ಕೊಟ್ಟು ಬೋಲ್ಟ್ ಬಿಗಿಸಿ. ಗಟ್ಟಿ ಬ್ಲಾಕಾದರೆ ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಬೋಲ್ಟ್ ಕೂರಿಸುವುದು) ನಡೆಯುತ್ತದೆ, ಆದರೆ ಅದು ಒಣಗುವ ಮುಂಚೆ ಯಾರೂ ಜಗ್ಗಬಾರದು. ಕೊಳವೆ 32–40 ಮಿ.ಮೀ. ದಪ್ಪ, ಗೋಡೆಗೂ ಅದಕ್ಕೂ 40 ಮಿ.ಮೀ. ಸಂದು, ಸಂದು ತೀರಾ ಅಗಲವಾದರೆ ಕೈ ಜಾರಿ ಮೊಣಕೈ ಸಿಕ್ಕಿಕೊಳ್ಳುತ್ತದೆ.