ಓದುಗರ ಪ್ರಶ್ನೆ: ಸಾಲು ನೂರು, ಲೆಕ್ಕ ತೊಂಬತ್ತೊಂಬತ್ತು

(ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದೆ; ಇವು ಲಿನಕ್ಸ್ ಅಥವಾ ಮ್ಯಾಕ್‌ನ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಕೊಡುವಂಥವು. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಿ; ದೊಡ್ಡ ಅಕ್ಷರ ಬೇಕಾದಲ್ಲಿ ಹೇಳಿದೆ. ಹುಡುಕುವ ಕನ್ನಡ ಅಕ್ಷರ, ಪದ ಮಾತ್ರ ಕನ್ನಡದಲ್ಲೇ ಇರಲಿ. ‘ಫೈಲ್’ ಎಂದಿರುವಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ.)

ಪ್ರಶ್ನೆ: ಎಡಿಟರ್‌ನಲ್ಲಿ 100 ಸಾಲು ಕಾಣುವ ಫೈಲಿಗೆ ಸಾಲು ಎಣಿಸುವ ‘ಡಬ್ಲ್ಯೂಸಿ -ಎಲ್’ (wc -l) ಕಮಾಂಡ್ ಕೊಟ್ಟರೆ 99 ಎನ್ನುತ್ತದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಡಬ್ಲ್ಯೂಸಿ ಎಣಿಸುವುದು ಸಾಲುಗಳನ್ನಲ್ಲ, ಎಂಟರ್ ಒತ್ತಿದಾಗ ಫೈಲಿನಲ್ಲಿ ಬೀಳುವ ನ್ಯೂಲೈನ್ ಗುರುತುಗಳನ್ನು. ನಿಮ್ಮ ಕೊನೆಯ ಸಾಲಿನ ತುದಿಯಲ್ಲಿ ಆ ಗುರುತಿಲ್ಲ, ಅಷ್ಟೆ. ಖಚಿತ ಮಾಡಿಕೊಳ್ಳಲು ‘ಟೇಲ್ -ಸಿ 1 ಫೈಲ್ | ಓಡಿ -ಸಿ’ ಕೊಡಿ. \ ಜೊತೆಗೆ ಎನ್ ಕಂಡರೆ ಗುರುತಿದೆ. ಬೇರೇನು ಕಂಡರೂ ಇಲ್ಲ. ಗುರುತಿರಲಿ ಬಿಡಲಿ ಕೊನೆಯ ಸಾಲೂ ಲೆಕ್ಕಕ್ಕೆ ಬರಬೇಕೆಂದರೆ ‘ಗ್ರೆಪ್ -ಸಿ '' ಫೈಲ್’ ಬಳಸಿ. ಆ ಎರಡು ಉದ್ಧರಣ ಚಿಹ್ನೆಗಳ ನಡುವೆ ಏನೂ ಇರಬಾರದು.

ಇದರ ತಿರುಗುಮುರುಗು ದೂರೂ ಬರುತ್ತಿರುತ್ತದೆ: ಪರದೆ ತುಂಬ ಬರಹ, ಲೆಕ್ಕ ಮಾತ್ರ 4. ಎಡಿಟರ್ ಉದ್ದದ ಪ್ಯಾರಾವನ್ನು ಪರದೆಯ ಅಗಲಕ್ಕೆ ಮಡಿಚಿ ತೋರಿಸುತ್ತದೆ. ಮಡಿಕೆ ಸಾಲಲ್ಲ.

ಪ್ರಶ್ನೆ: ‘ಕನ್ನಡ’ ಎಂಬ ಒಂದೇ ಪದವಿರುವ ಫೈಲಿಗೆ ‘ಡಬ್ಲ್ಯೂಸಿ -ಸಿ’ ಕೊಟ್ಟರೆ 16, ‘-ಎಂ’ ಕೊಟ್ಟರೆ 6 ಬರುತ್ತದೆ. ಇರುವುದು ಮೂರೇ ಅಕ್ಷರ ಅಲ್ಲವೇ?

ಉತ್ತರ: ‘-ಸಿ’ ಬೈಟ್‌ಗಳ ಲೆಕ್ಕ, ‘-ಎಂ’ ಯೂನಿಕೋಡ್ ಸಂಕೇತಗಳ ಲೆಕ್ಕ. ನಾವು ಅಕ್ಷರ ಎನ್ನುವುದು ಇವೆರಡೂ ಅಲ್ಲ. ಆ ಪದ ಫೈಲಿನಲ್ಲಿ ಕೂತಿರುವುದು ಹೀಗೆ: ಕ, ನ, ಹಲಂತ ಚಿಹ್ನೆ, ನ, ಡ. ಒಟ್ಟು ಐದು ಸಂಕೇತ. ಯೂನಿಕೋಡನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್, ಅಲ್ಲಿಗೆ 15. ಕೊನೆಯ ನ್ಯೂಲೈನ್ ಎರಡು ಲೆಕ್ಕಕ್ಕೂ ಒಂದೊಂದು ಸೇರಿಸುತ್ತದೆ. ‘-ಎಂ’ ಕೊಟ್ಟಾಗಲೂ 16 ಬಂದರೆ ನಿಮ್ಮ ಟರ್ಮಿನಲ್ಲಿನ ಲೊಕೇಲ್ (ಭಾಷೆ, ಅಕ್ಷರ ಪದ್ಧತಿಯ ಸೆಟ್ಟಿಂಗ್) ಯುಟಿಎಫ್-8 ಆಗಿಲ್ಲವೆಂದೇ ಅರ್ಥ. ‘ಲೊಕೇಲ್’ ಎಂದಷ್ಟೇ ಟೈಪ್ ಮಾಡಿ ನೋಡಿ.

ಡಬ್ಲ್ಯೂಸಿಗೆ ಒತ್ತಕ್ಷರದ ಪರಿವೆಯೇ ಇಲ್ಲ. ಕಣ್ಣಿಗೆ ಕಾಣುವ ಅಕ್ಷರಗಳೇ ಬೇಕೆಂದರೆ ಲಿನಕ್ಸ್‌ನಲ್ಲಿ ಹೀಗೆ ಮಾಡಬಹುದು:

ಗ್ರೆಪ್ -ಓಪಿ '(?<!್)[ಅ-ಹ]' ಫೈಲ್ | ಡಬ್ಲ್ಯೂಸಿ -ಎಲ್

ಇಲ್ಲಿ ‘ಪಿ’ ದೊಡ್ಡಕ್ಷರ; ಆಶ್ಚರ್ಯಸೂಚಕದ ಪಕ್ಕ ಇರುವುದು ಬರೀ ಹಲಂತ ಚಿಹ್ನೆ. ಸ್ವರ ಅಥವಾ ವ್ಯಂಜನ ಸಿಕ್ಕಾಗಲೆಲ್ಲ ಎಣಿಸು, ಅದರ ಹಿಂದೆಯೇ ಹಲಂತವಿದ್ದರೆ ಬಿಟ್ಟುಬಿಡು ಎಂದು ಇದರ ಅರ್ಥ. ಒತ್ತಾಗಿ ಬಂದ ನ ಹೀಗೆ ಬಿಟ್ಟುಹೋಗಿ ಉತ್ತರ 3 ಬರುತ್ತದೆ. ಕಾಗುಣಿತದ ಗುರುತು, ಅನುಸ್ವಾರ, ವಿಸರ್ಗ ತಾವಾಗಿಯೇ ಹೊರಗುಳಿಯುತ್ತವೆ. ‘ಫೈಲ್‌ನಲ್ಲಿ’ ಎಂಬಂಥ ಪದದಲ್ಲಿ ಲ್ ಮತ್ತು ನ ನಡುವೆ ಕಣ್ಣಿಗೆ ಕಾಣದ ಜೋಡಣೆ-ತಡೆ ಸಂಕೇತ ಇರುತ್ತದೆ, ಹಾಗಾಗಿ ಅಲ್ಲಿನ ನ ಬೇರೆ ಅಕ್ಷರವಾಗಿಯೇ ಲೆಕ್ಕಕ್ಕೆ ಬರುತ್ತದೆ, ಅದು ಸರಿಯೂ ಹೌದು. ಹಳಗನ್ನಡ ಪಠ್ಯವಾದರೆ ೞ ಈ ವ್ಯಾಪ್ತಿಯ ಹೊರಗಿದೆ. ಆವರಣದೊಳಗೆ ಹ ಆದ ಮೇಲೆ ಅದನ್ನೂ ಸೇರಿಸಿ. ಮ್ಯಾಕ್‌ನ ಜೊತೆಗೆ ಬರುವ ಗ್ರೆಪ್‌ಗೆ ಈ ‘ಪಿ’ ಗೊತ್ತಿಲ್ಲ.

ಪ್ರಶ್ನೆ: ಯಾವ ಪದ ಎಷ್ಟು ಸಲ ಬಂದಿದೆ ಎಂದು ಪಟ್ಟಿ ಮಾಡಲು ಮೊದಲು ‘ಟಿಆರ್ -ಡಿ’ಯಿಂದ ಬಾಗಿದ ಜೋಡಿ ಉದ್ಧರಣ ಚಿಹ್ನೆಗಳನ್ನು ತೆಗೆದೆ. ‘ಜೀವನ’ದಂಥ ಪದಗಳು ಪ್ರಶ್ನಾರ್ಥಕ ಚೌಕಗಳಾಗಿ ಹಾಳಾದವು.

ಉತ್ತರ: ಲಿನಕ್ಸ್‌ನ ಟಿಆರ್ ಕೆಲಸ ಮಾಡುವುದು ಬೈಟ್ ಮಟ್ಟದಲ್ಲಿ. ಬಾಗಿದ ಚಿಹ್ನೆ ಮೂರು ಬೈಟ್‌ಗಳದ್ದು. ಅದನ್ನು ಅಳಿಸು ಎಂದರೆ ಟಿಆರ್ ಆ ಮೂರೂ ಬೈಟ್‌ಗಳನ್ನು, ಎಲ್ಲಿ ಕಂಡರೆ ಅಲ್ಲಿ, ಬಿಡಿಬಿಡಿಯಾಗಿ ಅಳಿಸುತ್ತದೆ. ಎಡಗಡೆಯ ಚಿಹ್ನೆಯ ಕೊನೆಯ ಬೈಟೇ ಜ ಅಕ್ಷರದ ಕೊನೆಯ ಬೈಟ್ ಕೂಡ. ಚಿಹ್ನೆಯ ನಡುವಿನ ಬೈಟ್ ‘ಜೀ’ಯ ದೀರ್ಘದ ಗುರುತಿನಲ್ಲೂ ಇದೆ. ಹಾಗಾಗಿ ‘ಜೀವನ’ಕ್ಕೆ ಎರಡು ಕಡೆ ಪೆಟ್ಟು. ಚಿಹ್ನೆ ತೆಗೆಯುವ ಕೆಲಸವನ್ನು ಬೈಟ್ ಬದಲು ಇಡೀ ಅಕ್ಷರ ನೋಡುವ ಸೆಡ್‌ಗೆ ವಹಿಸಿ, ಟಿಆರ್‌ಗೆ ಖಾಲಿ ಜಾಗ ಮಾತ್ರ ಬಿಡಿ:

ಸೆಡ್ 's/[“”‘’.,?!]//g' ಫೈಲ್ | ಟಿಆರ್ -ಎಸ್ ' ' '\ಎನ್' | ಸಾರ್ಟ್ | ಯೂನಿಕ್ -ಸಿ | ಸಾರ್ಟ್ -ಆರ್‌ಎನ್ | ಹೆಡ್

ಮೊದಲ ಸಾರ್ಟ್ ಬಿಟ್ಟರೆ ಲೆಕ್ಕ ಕೆಡುತ್ತದೆ, ಯಾಕೆಂದರೆ ಯೂನಿಕ್ (uniq) ಪಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ‘ಮನೆ’, ‘ಮನೆಗೆ’, ‘ಮನೆಯಲ್ಲಿ’ ಇವು ಮೂರು ಬೇರೆ ಪದಗಳಾಗಿಯೇ ಬರುತ್ತವೆ. ವಿಭಕ್ತಿ ಕಳಚುವುದು ಈ ಕಮಾಂಡ್‌ಗಳ ಕೆಲಸವಲ್ಲ. ಒಂದೇ ಪದದ ಲೆಕ್ಕ ಸಾಕೆನ್ನುವವರು ‘ಗ್ರೆಪ್ -ಸಿ’ ಬಳಸಿ ಮೋಸಹೋಗುವುದುಂಟು: ಒಂದೇ ಸಾಲಿನಲ್ಲಿ ಮೂರು ಸಲ ಬಂದರೂ ಅದು ಒಂದೇ ಎನ್ನುತ್ತದೆ. ‘ಗ್ರೆಪ್ -ಓ ಮರ ಫೈಲ್ | ಡಬ್ಲ್ಯೂಸಿ -ಎಲ್’ ಎಲ್ಲವನ್ನೂ ಎಣಿಸುತ್ತದೆ. ಆದರೆ ‘ಅಮರ’, ‘ಮರಳು’ ಕೂಡ ಒಳಗೆ ಬರುತ್ತವೆ.

ಪ್ರಶ್ನೆ: ಖಾಲಿ ಸಾಲು ಬಿಟ್ಟು ಎಣಿಸಲು ‘ಗ್ರೆಪ್ -ಸಿ .’ ಕೊಟ್ಟರೂ ಖಾಲಿ ಸಾಲುಗಳು ಸೇರಿಕೊಳ್ಳುತ್ತಿವೆ.

ಉತ್ತರ: ಬಹುಶಃ ಅದು ವಿಂಡೋಸ್‌ನಲ್ಲಿ ಉಳಿಸಿದ ಫೈಲ್. ಅಲ್ಲಿ ನ್ಯೂಲೈನ್‌ಗೆ ಮೊದಲು ಕ್ಯಾರೇಜ್ ರಿಟರ್ನ್ ಎಂಬ ಇನ್ನೊಂದು ಗುರುತು ಬೀಳುತ್ತದೆ. ನಿಮಗೆ ಖಾಲಿ, ಗ್ರೆಪ್‌ಗೆ ಒಂದು ಅಕ್ಷರ. ‘ಟಿಆರ್ -ಡಿ '\ಆರ್' < ಫೈಲ್ | ಗ್ರೆಪ್ -ಸಿ .’ ಎಂದರೆ ಸರಿಹೋಗುತ್ತದೆ. ಆರ್ ಒಂದೇ ಬೈಟ್, ಇಲ್ಲಿ ಟಿಆರ್‌ನಿಂದ ಅಪಾಯವಿಲ್ಲ. ಸ್ಪೇಸ್ ಮಾತ್ರ ಇರುವ ಸಾಲು ಆಗಲೂ ಉಳಿಯುತ್ತದೆ. ಅದೂ ಬೇಡವಾದರೆ ಕೊನೆಯ ಚುಕ್ಕೆಯ ಬದಲು '[^ ]' ಹಾಕಿ.

ಪ್ರಶ್ನೆ: ಲೆಕ್ಕವನ್ನು ಅದೇ ಫೈಲಿಗೆ ಬರೆಯಲು ‘ಡಬ್ಲ್ಯೂಸಿ -ಎಲ್ ಕಥೆ > ಕಥೆ’ ಕೊಟ್ಟೆ. ಕಥೆ ಹೋಯಿತು, ಉಳಿದದ್ದು ‘0 ಕಥೆ’ ಎಂಬ ಒಂದು ಸಾಲು.

ಉತ್ತರ: ಡಬ್ಲ್ಯೂಸಿ ಶುರುವಾಗುವ ಮೊದಲೇ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ‘>’ ನೋಡಿ ಫೈಲನ್ನು ಬರಿದು ಮಾಡುತ್ತದೆ. ಬರಿದಾದದ್ದನ್ನು ಎಣಿಸಿದರೆ 0 ಅಲ್ಲದೆ ಇನ್ನೇನು ಬಂದೀತು? ಬ್ಯಾಕಪ್ ಇಲ್ಲದಿದ್ದರೆ ಕಥೆಯನ್ನು ಮರಳಿ ಪಡೆಯುವುದು ಕಷ್ಟ. ಎಡಿಟರ್ ಇನ್ನೂ ತೆರೆದಿದ್ದರೆ ಅದರಿಂದ ಮತ್ತೆ ಸೇವ್ ಮಾಡಿ. ಫೈಲ್ ಬದಲಾಗಿದೆ, ಮತ್ತೆ ಲೋಡ್ ಮಾಡಲೇ ಎಂದು ಅದು ಕೇಳಿದರೆ ಬೇಡ ಎನ್ನಿ.