ಟೆಸ್ಟ್ ಪಾಸಾದ ಮೇಲೂ ಸಾಬೀತು ಯಾಕೆ ಬೇಕು?

ಪ್ರಶ್ನೆ: ಎಂಸಿಎ ಸೆಮಿನಾರಿಗೆ ಈಡನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಆರಿಸಿಕೊಂಡಿದ್ದೇನೆ. ಹ್ಯಾಸ್ಕೆಲ್ ಭಾಷೆಯಲ್ಲಿ ಒಂದೇ ಇನ್‌ಪುಟ್‌ಗೆ ಯಾವಾಗಲೂ ಒಂದೇ ಉತ್ತರ, ಅಲ್ವಾ? ಅದರ ಮೇಲೇ ಕಟ್ಟಿದ ಈಡನ್‌ನಲ್ಲಿ ಉತ್ತರ ಬದಲಾಗುವುದು ಹೇಗೆ? ಕಂಪೈಲರ್ (ಪ್ರೋಗ್ರಾಮನ್ನು ಮಷಿನ್‌ಗೆ ತಿಳಿಯುವ ಹಾಗೆ ಬದಲಿಸುವ ಸಾಫ್ಟ್‌ವೇರ್) ಉತ್ತರ ಎಲ್ಲಿ ಬದಲಾಗಬಹುದು ಅಂತ ಮಾಡುವ ಅನಾಲಿಸಿಸ್ ಸರಿ ಅಂತ ಗಣಿತದಲ್ಲೇ ಸಾಬೀತು ಮಾಡಬೇಕಾ, ಟೆಸ್ಟ್ ಸಾಲದಾ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ತುಂಬಾ ಒಳ್ಳೆಯ ವಿಷಯ ಹಿಡಿದಿದ್ದೀರಿ. ಸುಮ್ನೆ ಹಲವು ಪ್ರೊಸೆಸರ್‌ಗಳಲ್ಲಿ ಓಡಿಸಿದ ಮಾತ್ರಕ್ಕೆ ಶುದ್ಧ ಫಂಕ್ಷನ್‌ನ (ಇನ್‌ಪುಟ್ ಒಂದನ್ನೇ ನೆಚ್ಚಿಕೊಂಡ ಫಂಕ್ಷನ್‌ನ) ಉತ್ತರ ಬದಲಾಗುವುದಿಲ್ಲ. ಈಡನ್‌ನಲ್ಲಿ ಅದನ್ನು ಬದಲಿಸುವುದು ಮರ್ಜ್. ಜರ್ಮನಿಯ ಮಾರ್‌ಬುರ್ಗ್ ಮತ್ತು ಸ್ಪೇನಿನ ಮ್ಯಾಡ್ರಿಡ್‌ನ ಸಂಶೋಧಕರು ಹ್ಯಾಸ್ಕೆಲ್‌ಗೆ ಒಟ್ಟೊಟ್ಟಿಗೆ ಓಡುವ ಪ್ರೊಸೆಸ್‌ಗಳನ್ನು ಸೇರಿಸಿ ಈಡನ್ ಕಟ್ಟಿದರು, ಜೊತೆಗೆ ಹಲವು ಲಿಸ್ಟ್‌ಗಳನ್ನು ಒಂದು ಮಾಡುವ ಮರ್ಜ್ ಕೊಟ್ಟರು. ಮಲ್ಪೆ ಧಕ್ಕೆಯಲ್ಲಿ ಮೊದಲು ಬಂದ ಬೋಟಿನ ಮೀನು ಮೊದಲು ಇಳಿಯುವ ಹಾಗೆ, ಇಲ್ಲಿ ಮೊದಲು ಬಂದ ಬೆಲೆ (ವ್ಯಾಲ್ಯೂ) ಮೊದಲು ಕೂರುತ್ತದೆ. ಆ ಕ್ರಮ ಪ್ರತಿ ಸಲ ಒಂದೇ ಇರಬೇಕಿಲ್ಲ.

ಕಷ್ಟ ಶುರುವಾಗುವುದು ಕಂಪೈಲರ್‌ನಲ್ಲಿ. ಎಕ್ಸ್ ಎಂಬ ಹೆಸರಿಗೆ ಮರ್ಜ್‌ನಿಂದಾಗಿ 0 ಅಥವಾ 1 ಬರಬಹುದು ಅಂತಿಟ್ಟುಕೊಳ್ಳಿ. ಎಕ್ಸ್‌ನಿಂದ ಎಕ್ಸ್ ಕಳೆದರೆ ಯಾವಾಗಲೂ 0, ಯಾಕೆಂದರೆ ಲೆಕ್ಕ ಒಂದೇ ಸಲ ನಡೆದು ಅದೇ ಬೆಲೆ ಎರಡೂ ಕಡೆ ಬರುತ್ತದೆ. ಆದರೆ ಕಂಪೈಲರ್ ಆ ಹೆಸರು ತೆಗೆದು ಇಡೀ ಲೆಕ್ಕವನ್ನೇ ಎರಡೂ ಕಡೆ ಬರೆದುಬಿಟ್ಟರೆ, ಎರಡೂ ಬೇರೆ ಬೇರೆಯಾಗಿ ಓಡಿ 1 ಅಥವಾ -1 ಕೂಡ ಬರಬಹುದು. ಮಾಮೂಲಿ ಹ್ಯಾಸ್ಕೆಲ್‌ನಲ್ಲಿ ಇದೇ ಬದಲಾವಣೆಯಿಂದ ಏನೂ ಅಪಾಯವಿಲ್ಲ!

ಅದಕ್ಕೇ ಅನಾಲಿಸಿಸ್. ಪ್ರತಿ ಎಕ್ಸ್‌ಪ್ರೆಶನ್‌ಗೆ (ಬೆಲೆ ಕೊಡುವ ಲೆಕ್ಕದ ತುಣುಕಿಗೆ) ಅದು 'ಖಚಿತ' ಅಥವಾ 'ಬದಲಾಗಬಹುದು' ಎಂಬ ಗುರುತು ಹಾಕುತ್ತದೆ. ಪ್ಯಾಟ್ರಿಕ್ ಮತ್ತು ರಾಧಿಯಾ ಕೂಸೊ 1977ರಲ್ಲಿ ಮುಂದಿಟ್ಟ ಅಬ್‌ಸ್ಟ್ರಾಕ್ಟ್ ಇಂಟರ್‌ಪ್ರಿಟೇಶನ್, ಅಂದರೆ ಪ್ರೋಗ್ರಾಮ್ ಓಡಿಸದೆಯೇ ಅದರ ನಡವಳಿಕೆ ಅಂದಾಜಿಸುವ ವಿಧಾನ, ಇದರ ತಳಹದಿ. ಎಕ್ಸ್‌ನಿಂದ ಎಕ್ಸ್ ಕಳೆದದ್ದನ್ನು 'ಬದಲಾಗಬಹುದು' ಎಂದರೆ ನಡೆಯುತ್ತದೆ, ಪ್ರೋಗ್ರಾಮ್ ಚುರುಕು ಮಾಡುವ ಒಂದು ಆಪ್ಟಿಮೈಸೇಶನ್ ತಪ್ಪಿತು ಅಷ್ಟೆ. ಬದಲಾಗುವುದನ್ನು 'ಖಚಿತ' ಅಂದರೆ ಮಾತ್ರ ಕಂಪೈಲರ್ ಮೇಲಿನ ಬದಲಾವಣೆ ಮಾಡಿಬಿಟ್ಟು ಪ್ರೋಗ್ರಾಮೇ ಕೆಟ್ಟಿತು.

ಇನ್ನು ಸಾಬೀತು. ಮ್ಯಾಡ್ರಿಡ್‌ನ ಕ್ಲಾರಾ ಸೆಗುರಾ ಮತ್ತು ರಿಕಾರ್ಡೊ ಪೆನ್ಯಾ ಈ ಕೆಲಸ ಮಾಡಿದ್ದಾರೆ. ಎಕ್ಸ್‌ಪ್ರೆಶನ್‌ನ ಅರ್ಥ ಒಂದು ಬೆಲೆಯಲ್ಲ, ಬರಬಹುದಾದ ಬೆಲೆಗಳ ಗಣ ಎಂದು ಹಿಡಿಯಬೇಕು. 'ಖಚಿತ' ಎಂದ ಕಡೆಯೆಲ್ಲ ಆ ಗಣದಲ್ಲಿ ಒಂದೇ ಬೆಲೆ ಇದೆ ಅಂತ ತೋರಿಸಬೇಕು. ಸಂಖ್ಯೆಗಳಿಗೆ ಇದು ಸುಲಭ. ಫಂಕ್ಷನ್‌ಗಳಿಗೆ ಬಂದಾಗ ಒದ್ದಾಟ: ಖಚಿತ ಇನ್‌ಪುಟ್ ಕೊಟ್ಟರೆ ಖಚಿತ ಉತ್ತರ ಬರಬೇಕು, ಆ ಇನ್‌ಪುಟ್ಟೂ ಒಂದು ಫಂಕ್ಷನ್ ಆಗಿರಬಹುದು, ಹಾಗಾಗಿ ಟೈಪ್‌ನ (ಸಂಖ್ಯೆಯೋ, ಫಂಕ್ಷನ್ನೋ ಎಂಬ ಬಗೆಯ) ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು.

ಟೆಸ್ಟ್ ಸಾಲದು. ನಿಮ್ಮ ಲ್ಯಾಬಿನ ಮಷಿನ್ ಸಾವಿರ ಸಲ ಓಡಿಸಿದರೂ ಅದೇ ಕ್ರಮ ಕೊಡಬಹುದು, ಬೇರೆ ಮಷಿನ್‌ನಲ್ಲಿ ಮೊದಲ ಸಲವೇ ಬದಲಾಗಬಹುದು. ಸೆಮಿನಾರಿನಲ್ಲಿ ಫಂಕ್ಷನ್ ಭಾಗಕ್ಕೇ ಜಾಸ್ತಿ ಸಮಯ ಕೊಡಿ, ಪ್ರಶ್ನೆಗಳು ಬರುವುದು ಅಲ್ಲಿಂದಲೇ.